ಆರು ಜನರ ಚಾರಣಕ್ಕೆ ಎಷ್ಟು ದೊಡ್ಡ ಟೆಂಟ್ ಬೇಕು?

ಪ್ರಶ್ನೆ: ನಾವು ಆರು ಜನ ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಹಂಪ್ತಾ ಪಾಸ್ ಚಾರಣಕ್ಕೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಅವಳ ತಂಗಿ, ಜೊತೆಗೆ ಕಾಲೇಜಿನ ಕಾಲದ ಮೂವರು ಗೆಳೆಯರು. ಅವರಲ್ಲಿ ಒಬ್ಬ ಆರು ಅಡಿ ಎರಡು ಇಂಚು ಎತ್ತರ. ದಾರಿ ತೋರಿಸಲು ಅಲ್ಲಿಯವರೊಬ್ಬರು ಬರುತ್ತಾರೆ, ಅವರ ಟೆಂಟ್ ಅವರೇ ತರುತ್ತಾರೆ. ನಮ್ಮ ಸಾಮಾನು ನಾವೇ ಹೊರಬೇಕು. ಆನ್‌ಲೈನ್‌ನಲ್ಲಿ ‘6 ಪರ್ಸನ್’ ಟೆಂಟ್ ಒಂದು ಒಳ್ಳೆ ಬೆಲೆಗೆ ಸಿಗುತ್ತಿದೆ. ಒಳಗೆ ನಿಂತುಕೊಳ್ಳಬಹುದು, ಎಲ್ಲರೂ ಒಟ್ಟಿಗೆ ಇರಬಹುದು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇಬ್ಬರಿಬ್ಬರ ಮೂರು ಟೆಂಟ್ ತಗೊಳ್ಳೋಣ ಅಂತ ಇನ್ನೊಬ್ಬನ ವಾದ. ಯಾವುದು ಸರಿ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ ಆರು ಜನರ ಟೆಂಟ್ ಬೇಡ. ಮೂರು ಪುಟ್ಟ ಟೆಂಟೂ ನಿಮ್ಮ ಗುಂಪಿಗೆ ಅಷ್ಟಾಗಿ ಹೊಂದುವುದಿಲ್ಲ. ‘4 ಪರ್ಸನ್’ ಅಂತ ಬರೆದಿರುವುದು ಒಂದು, ‘3 ಪರ್ಸನ್’ ಅಂತ ಬರೆದಿರುವುದು ಒಂದು, ಹೀಗೆ ಎರಡು ಟೆಂಟ್ ಒಯ್ಯಿರಿ. ಲೆಕ್ಕಕ್ಕೆ ಏಳು ಜನರ ಜಾಗ, ಮಲಗುವವರು ಆರು. ಆ ಉಳಿದ ಒಂದು ಜಾಗ ಖಾಲಿಯೇ ಇರಲಿ. ಬೆಟ್ಟದಲ್ಲಿ ನಿದ್ದೆ ಬರುತ್ತದೋ ಇಲ್ಲವೋ ಅನ್ನೋದು ಬಹುಪಾಲು ಆ ಒಂದು ಜಾಗದ ಮೇಲೆ ನಿಂತಿದೆ.

ಟೆಂಟಿನ ಚೀಲದ ಮೇಲಿನ ಅಂಕಿ ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಅದನ್ನು ಓದೋದು ಹೇಗೆ ಅಂತ ತಿಳಿದರೆ ಸಾಕು. ‘2 ಪರ್ಸನ್’ ಅಂದರೆ ಒಳಗೆ ಎರಡು ಮ್ಯಾಟ್ ಪಕ್ಕಪಕ್ಕ ಹಾಸಬಹುದು, ಅಷ್ಟೇ. ಸಾಮಾನ್ಯ ಮ್ಯಾಟಿನ ಅಗಲ 50 ಸೆಂ.ಮೀ. ಸುಮಾರು, ಜಾಸ್ತಿ ಅಂದರೆ 60. ಎರಡು ಮ್ಯಾಟಿಗೆ 120, ಅದರ ಮೇಲೆ ಹತ್ತಿಪ್ಪತ್ತು ಸೆಂ.ಮೀ. ಸೇರಿಸಿ ಟೆಂಟ್ ಹೊಲಿಯುತ್ತಾರೆ. ನಿಮ್ಮ ಬ್ಯಾಗು, ಒದ್ದೆ ಜಾಕೆಟ್, ಮಗ್ಗುಲು ಬದಲಿಸುವಾಗ ಚಾಚುವ ಮೊಣಕೈ, ಇದ್ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಇದನ್ನು ನಂಬಲು ಅಂಗಡಿಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ನೆಲಕ್ಕೆ ಎರಡಡಿ ಟೈಲ್ಸ್ ಹಾಕಿದ್ದರೆ ಒಂದೊಂದು ಟೈಲ್ 60 ಸೆಂ.ಮೀ. ಇರುತ್ತದೆ. ಒಬ್ಬರಿಗೆ ಟೆಂಟ್ ಕೊಡುವ ಜಾಗ ಅಂದರೆ ಒಂದು ಟೈಲ್ ಅಗಲ, ಮೂರೂವರೆ ಟೈಲ್ ಉದ್ದ. ಇಬ್ಬರ ಟೆಂಟಿಗೆ ಎರಡು ಟೈಲ್‌ಗಿಂತ ಸ್ವಲ್ಪ ಜಾಸ್ತಿ ಅಗಲ. ಮೂವರದಕ್ಕೆ ಮೂರು, ಕೆಲವದಕ್ಕೆ ಮೂರಕ್ಕಿಂತ ಒಂದು ಗೇಣು ಹೆಚ್ಚು. ನಾಲ್ವರದಕ್ಕೆ ಮೂರೂಮುಕ್ಕಾಲರಿಂದ ನಾಲ್ಕು. ಟೈಲ್ಸ್ ಇಲ್ಲದಿದ್ದರೆ ತಾರಸಿಯಲ್ಲಿ ಸೀಮೆಸುಣ್ಣದಲ್ಲೋ ರಂಗೋಲಿ ಪುಡಿಯಲ್ಲೋ ಗೆರೆ ಎಳೆಯಿರಿ. 180 ಅಗಲ, 210 ಉದ್ದದ ಒಂದು ಚೌಕ. ಅದರೊಳಗೆ ನಿಮ್ಮ ಮೂವರು ಗೆಳೆಯರು ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ. ಮೂರು ಬ್ಯಾಗುಗಳನ್ನೂ ಕಾಲಿನ ಹತ್ತಿರ ಇಡಿ. ಯಾರ ಕಾಲು, ಯಾರ ಭುಜ ಗೆರೆ ದಾಟುತ್ತದೆ ನೋಡಿ. ಐದು ನಿಮಿಷದ ಕೆಲಸ. ನಾನು ಗುಂಪು ಕರೆದುಕೊಂಡು ಹೋಗುವಾಗಲೆಲ್ಲ ಮೊದಲ ಭೇಟಿಯಲ್ಲೇ ಇದನ್ನು ಮಾಡಿಸುತ್ತೇನೆ. ಆಮೇಲೆ ಟೆಂಟಿನ ಬಗ್ಗೆ ವಾದವೇ ಇರುವುದಿಲ್ಲ.

ಆದರೆ ಗೆರೆ ಎಳೆದ ಚೌಕದಲ್ಲೂ ಒಂದು ಸುಳ್ಳಿದೆ. ಗೆರೆಗೆ ಗೋಡೆ ಇಲ್ಲ. ಟೆಂಟಿನ ಗೋಡೆ ನೆಲದಿಂದಲೇ ಒಳಗೆ ವಾಲುತ್ತಾ ಮೇಲೆ ಹೋಗುತ್ತದೆ. ನೆಲದಲ್ಲಿ 210 ಇದ್ದ ಉದ್ದ, ನಿಮ್ಮ ಮೂಗಿನ ಮಟ್ಟಕ್ಕೆ ಬರುವಷ್ಟರಲ್ಲಿ ಎರಡೂ ಕಡೆ ಒಂದೊಂದು ಗೇಣಿನ ಹತ್ತಿರ ಕಡಿಮೆಯಾಗಿರುತ್ತದೆ. ನಿಮ್ಮ ಎತ್ತರದ ಗೆಳೆಯ 188 ಸೆಂ.ಮೀ. ಇದ್ದಾರೆ. ಸ್ಲೀಪಿಂಗ್ ಬ್ಯಾಗಿನೊಳಗೆ ಪಾದ ನೆಟ್ಟಗೆ ನಿಲ್ಲುತ್ತದೆ, ತಲೆ ಕೆಳಗೆ ದಿಂಬಿಗೆ ಬದಲು ಸ್ವೆಟರ್ ಸುತ್ತಿಟ್ಟಿರುತ್ತಾರೆ. ಅಲ್ಲಿಗೆ ಎರಡು ಮೀಟರ್ ದಾಟಿತು. 210 ಉದ್ದದ ಟೆಂಟಿನಲ್ಲಿ ಅವರ ತಲೆ ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ ತಾಗುವುದು ಖಂಡಿತ.

ತಾಗಿದರೆ ಏನಾಯ್ತು ಅಂತ ಅನ್ನಿಸಬಹುದು. ಏನಾಗುತ್ತದೆ ಅಂತ ನನಗೆ ಒಂದು ರಾತ್ರಿ ಗೊತ್ತಾಯಿತು. ಅದೂ ನೀವು ಹೋಗುವ ದಾರಿಯಲ್ಲೇ, ಬಾಲೂ ಕಾ ಘೇರಾದಲ್ಲಿ. ಆಗಿನ್ನೂ ನನಗೆ ಮೂವತ್ತು ದಾಟಿರಲಿಲ್ಲ. ಜುಲೈ ತಿಂಗಳು. ನಾಲ್ವರ ಟೆಂಟಿನಲ್ಲಿ ನಾಲ್ವರೇ ಇದ್ದೆವು, ಸರಿಯಾಗಿದೆ ಅಂತಲೇ ಅಂದುಕೊಂಡಿದ್ದೆವು. ಸಂಜೆ ಮಳೆ ಹಿಡಿಯಿತು. ಬ್ಯಾಗು ಒದ್ದೆಯಾಗಬಾರದು ಅಂತ ನಾಲ್ಕೂ ಬ್ಯಾಗುಗಳನ್ನು ಒಳಗೆ ಎಳೆದುಕೊಂಡೆವು. ಅಲ್ಲಿಗೆ ಒಬ್ಬೊಬ್ಬರೂ ಒಂದಿಷ್ಟು ಕೆಳಗೆ ಸರಿದೆವು. ನನ್ನ ಸ್ಲೀಪಿಂಗ್ ಬ್ಯಾಗಿನ ಕಾಲಿನ ತುದಿ ಒಳಗೋಡೆಯನ್ನು ಒತ್ತಿತು, ಒಳಗೋಡೆ ಹೋಗಿ ಹೊರ ಹೊದಿಕೆಗೆ ಅಂಟಿಕೊಂಡಿತು. ರಾತ್ರಿ ಎರಡು ಗಂಟೆಗೆ ಕಾಲು ತಣ್ಣಗಾಗಿ ಎಚ್ಚರವಾಯಿತು. ಟಾರ್ಚ್ ಹಾಕಿ ನೋಡಿದರೆ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ದಪ್ಪ ಹನಿಗಳು ಸಾಲಾಗಿ ನಿಂತಿದ್ದವು. ಒಂದು ಜಾರಿ ಇನ್ನೊಂದಕ್ಕೆ ಸೇರಿ, ನೇರ ನನ್ನ ಸ್ಲೀಪಿಂಗ್ ಬ್ಯಾಗಿನ ಮೇಲೆ ಇಳಿಯುತ್ತಿದ್ದವು. ಟೆಂಟ್ ಎಲ್ಲೂ ಸೋರಿರಲಿಲ್ಲ. ಅದು ನಮ್ಮದೇ ಉಸಿರು.

ಮಲಗಿದವರ ಉಸಿರಿನಿಂದ, ಮೈಯಿಂದ ರಾತ್ರಿಯಿಡೀ ಆವಿ ಹೋಗುತ್ತಲೇ ಇರುತ್ತದೆ. ಒಬ್ಬರಿಂದ ಸುಮಾರು ಒಂದು ದೊಡ್ಡ ಲೋಟ ನೀರು ಅಂತ ಇಟ್ಟುಕೊಳ್ಳಿ. ಆ ಆವಿ ತಣ್ಣನೆಯ ಹೊರ ಹೊದಿಕೆಗೆ ತಾಗಿ ನೀರಾಗುತ್ತದೆ. ಒಳ್ಳೆ ಟೆಂಟಿಗೆ ಎರಡು ಪದರ ಇರುವುದೇ ಇದಕ್ಕೆ. ಒಳಗಿನದು ಗಾಳಿಯಾಡುವ ಬಟ್ಟೆ, ಹೊರಗಿನದು ಮಳೆ ತಡೆಯುವ ಬಟ್ಟೆ, ನಡುವೆ ಗಾಳಿ ಹರಿಯಲು ಸಂದು. ನೀರು ಹೊರ ಪದರದ ಒಳಮೈಯಲ್ಲಿ ಜಾರಿ ನೆಲಕ್ಕೆ ಹೋಗಬೇಕು. ಎರಡು ಪದರವನ್ನು ನೀವೇ ಕಾಲಿನಿಂದ ಒತ್ತಿ ಒಂದು ಮಾಡಿದರೆ ಆ ನೀರು ನಿಮ್ಮ ಹಾಸಿಗೆಗೇ ಬರುತ್ತದೆ. ನನ್ನದು ಗರಿ ತುಂಬಿದ ಸ್ಲೀಪಿಂಗ್ ಬ್ಯಾಗು. ಗರಿ ಒದ್ದೆಯಾದರೆ ಮುದ್ದೆಯಾಗುತ್ತದೆ, ಆಮೇಲೆ ಅದರಲ್ಲಿ ಬೆಚ್ಚಗೆ ಅನ್ನೋದೇ ಇರುವುದಿಲ್ಲ. ಮಾರನೇ ದಿನ ಪಾಸ್ ದಾಟಿ ಆಚೆ ಇಳಿದು ಶಿಯಾ ಗೋರುವಿನಲ್ಲಿ ಆ ಒದ್ದೆ ಬ್ಯಾಗಿನಲ್ಲಿ ಮಲಗಿದೆ. ಮಲಗಿದೆ ಅನ್ನೋದಕ್ಕಿಂತ ಬೆಳಗಾಗುವುದನ್ನು ಕಾದೆ ಅನ್ನಬೇಕು. ಇಕ್ಕಟ್ಟಾದ ಟೆಂಟಿನಲ್ಲಿ ಒದ್ದೆಯಾಗದೆ ಮಲಗುವುದು ತುಂಬಾ ಕಷ್ಟ. ಒಂದು ಜಾಗ ಖಾಲಿ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಆರು ಜನರದ್ದು, ದೊಡ್ಡದು, ಅದರಲ್ಲಿ ಜಾಗ ಬೇಕಾದಷ್ಟಿದೆಯಲ್ಲ ಅಂತ ನಿಮ್ಮ ಗೆಳೆಯರು ಕೇಳುತ್ತಾರೆ. ಜಾಗ ಇದೆ, ಒಪ್ಪಿದೆ. ನಿಂತುಕೊಂಡು ಪ್ಯಾಂಟ್ ಹಾಕಿಕೊಳ್ಳಬಹುದು, ಅದೂ ಒಂದು ಸುಖವೇ. ಆದರೆ ಅಂಥ ಟೆಂಟ್ ಮಾಡಿರುವುದು ಕಾರಿನ ಪಕ್ಕ, ತೋಟದಲ್ಲಿ, ಹೊಳೆ ದಂಡೆಯಲ್ಲಿ ಹಾಕಲು. ಅದರ ತೂಕ ಎಂಟು, ಹತ್ತು ಕೆ.ಜಿ. ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ಆ ಎತ್ತರವೇ ಬೆಟ್ಟದಲ್ಲಿ ಅದಕ್ಕೆ ಶತ್ರು. ಸುಮಾರು ಒಂದು ಮೀಟರ್ ಎತ್ತರದ ಟೆಂಟಿನ ಮೇಲಿಂದ ಗಾಳಿ ಹಾರಿಕೊಂಡು ಹೋಗುತ್ತದೆ. ಆರಡಿ ಎತ್ತರದ ಗೋಡೆ ಹಡಗಿನ ಹಾಯಿ ಇದ್ದ ಹಾಗೆ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ಪಾಸ್ ದಾಟಿದ ಮೇಲೆ ನೀವು ಇಳಿಯುವುದು ಲಾಹೌಲ್ ಕಡೆಗೆ. ಕುಲ್ಲು ಕಡೆಯ ಹಸಿರು, ಮಳೆ ಹಿಂದೆ ಉಳಿಯುತ್ತದೆ. ಆಚೆ ಒಣ ಬೆಟ್ಟ, ಕಣಿವೆಯುದ್ದಕ್ಕೂ ಗಾಳಿ. ಆ ಗಾಳಿಯಲ್ಲಿ ಫೈಬರ್‌ಗ್ಲಾಸ್ ಪೋಲಿನ ಎತ್ತರದ ಟೆಂಟ್ ನಿಲ್ಲುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡಲಾರೆ.

ಇನ್ನೊಂದು ವಿಷಯ ಅದಕ್ಕಿಂತ ದೊಡ್ಡದು. ಒಂದೇ ಟೆಂಟ್ ಒಯ್ದು, ಅದರ ಒಂದು ಪೋಲ್ ಮುರಿದರೆ ಆರೂ ಜನ ಬಯಲಿಗೆ ಬಿದ್ದಂತೆ. ಎರಡು ಟೆಂಟ್ ಇದ್ದು ಒಂದು ಕೈಕೊಟ್ಟರೆ ನಾಲ್ವರದರಲ್ಲಿ ಆರೂ ಜನ ಕಾಲು ಮಡಚಿ ಕೂತು ಬೆಳಗು ಮಾಡಬಹುದು. ಕಷ್ಟವಾಗುತ್ತದೆ, ಆದರೆ ಒಣಗಿರುತ್ತೀರಿ. ಸುಮಾರು 4,270 ಮೀಟರ್ ಎತ್ತರದ ಪಾಸಿನ ಆಚೀಚೆ ಮಲಗುವ ಗುಂಪು ಇಷ್ಟು ಮಾತ್ರ ಯೋಚನೆ ಮಾಡಲೇಬೇಕು.

ದೊಡ್ಡ ಟೆಂಟಿಗೆ ನೆಲವೂ ಸಿಗುವುದಿಲ್ಲ. ಬಾಲೂ ಕಾ ಘೇರಾದಲ್ಲಿ ಬಯಲು ಇದೆ, ಜಾಗಕ್ಕೆ ತೊಂದರೆಯಿಲ್ಲ. ಉಳಿದ ಕಡೆ ಹಾಗಲ್ಲ. ಬಂಡೆಗಳ ನಡುವೆ, ತೊರೆಯ ಪಕ್ಕ, ಇಳಿಜಾರಿನ ಬದಿಯಲ್ಲಿ ಮೂರು ಮೀಟರ್ ಸಮತಟ್ಟು ನೆಲ ಹುಡುಕುವುದೇ ಕೆಲಸ. 4ರ ಟೆಂಟಿಗೆ ಎರಡೂವರೆ ಮೀಟರ್ ಚೌಕ ಬೇಕು, ಹಗ್ಗ ಎಳೆದು ಕಟ್ಟಲು ಸುತ್ತ ಇನ್ನೊಂದು ಹೆಜ್ಜೆ. ಅಷ್ಟು ಸಿಗುತ್ತದೆ. 6ರದಕ್ಕೆ ಬೇಕಾದಷ್ಟು ಸಿಗುವುದು ಅಪರೂಪ. ಸಿಕ್ಕರೂ ನಡುವೆ ಒಂದು ಕಲ್ಲು ಎದ್ದಿರುತ್ತದೆ, ಆ ಕಲ್ಲಿನ ಮೇಲೆ ಯಾರಾದರೂ ಮಲಗಲೇಬೇಕಾಗುತ್ತದೆ.

ಈಗ ಮೂರು ಪುಟ್ಟ ಟೆಂಟಿನ ವಾದಕ್ಕೆ ಬರೋಣ. ಅದು ತಪ್ಪಲ್ಲ. ನೀವು ಮೂರು ಜೋಡಿ ಹೋಗುತ್ತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪುಟ್ಟ ಟೆಂಟ್ ಎಲ್ಲಿ ಬೇಕಾದರೂ ಕೂರುತ್ತದೆ, ಗಾಳಿಗೆ ಗಟ್ಟಿ, ಚಾರಣ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ಯಬಹುದು. ಆದರೆ ನಿಮ್ಮ ಗುಂಪಿನಲ್ಲಿ 130 ಸೆಂ.ಮೀ. ಅಗಲದೊಳಗೆ ಆ ಎತ್ತರದ ಗೆಳೆಯರ ಜೊತೆ ಇನ್ನೊಬ್ಬ ದೊಡ್ಡ ಮನುಷ್ಯ ಮಲಗಬೇಕು. ಬ್ಯಾಗಿಗೆ ಜಾಗವೇ ಇಲ್ಲ. ಮಳೆಯಲ್ಲಿ ಮೂರು ಟೆಂಟ್ ನಿಲ್ಲಿಸಬೇಕು, ಬೆಳಿಗ್ಗೆ ಮೂರನ್ನೂ ಮಡಚಬೇಕು.

ನಾನು ಮೂವರ ಗುಂಪು ಮಾಡಿ ಅನ್ನುವುದಕ್ಕೆ ಮುಖ್ಯ ಕಾರಣ ಬೇರೆ ಇದೆ. ನೀವು ದಾವಣಗೆರೆಯಿಂದ ಹೋಗುತ್ತೀರಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಊರು. ಕೆಲವೇ ದಿನದಲ್ಲಿ ನಾಲ್ಕು ಸಾವಿರ ಮೀಟರ್ ಮುಟ್ಟುತ್ತೀರಿ. ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಯಾರಿಗೆ ಬೇಕಾದರೂ ಬರಬಹುದು. ಎತ್ತರದ ಕಾಯಿಲೆ ರಾತ್ರಿ ಹೊತ್ತು ಜೋರಾಗುವುದು ಜಾಸ್ತಿ. ಇಬ್ಬರ ಟೆಂಟಿನಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಇನ್ನೊಬ್ಬರು ಅವರನ್ನು ಒಂಟಿ ಬಿಟ್ಟು ಸಹಾಯ ಕರೆಯಲು ಹೋಗಬೇಕು. ಮೂವರಿದ್ದರೆ ಒಬ್ಬರು ಪಕ್ಕದಲ್ಲಿ ಕೂರುತ್ತಾರೆ, ಇನ್ನೊಬ್ಬರು ಹೋಗಿ ದಾರಿ ತೋರುವವರನ್ನು ಎಬ್ಬಿಸುತ್ತಾರೆ. ನಡುರಾತ್ರಿ ಯಾರೋ ಸುಮ್ಮನೆ ಎದ್ದು ಕೂತಿದ್ದಾರೆ, ಮಾತು ತೊದಲುತ್ತಿದೆ ಅನ್ನೋದನ್ನು ಗಮನಿಸಲು ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಮೇಲು. ಅಂಥ ರಾತ್ರಿಗಳನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿ ಇಬ್ಬರು ಇದ್ದಾರೆ ಅನ್ನುವುದೇ ಆಗ ಎಷ್ಟು ಧೈರ್ಯ ಕೊಡುತ್ತದೆ ಅಂತ ಹೇಳಿ ಮುಗಿಯದು.

ಇನ್ನು ಯಾರು ಎಲ್ಲಿ ಮಲಗಬೇಕು? ನಿಮ್ಮ ಪತ್ರದಲ್ಲಿ ಇಬ್ಬರು ಗೆಳೆಯರ ವಾದ ಇದೆ, ಹೆಂಡತಿ ಮತ್ತು ಅವರ ತಂಗಿ ಏನು ಹೇಳಿದರು ಅಂತ ಇಲ್ಲ. ದಯವಿಟ್ಟು ಅವರನ್ನು ಕೇಳಿ. ತುಂಬಾ ಗುಂಪುಗಳಲ್ಲಿ ಟೆಂಟ್ ತಗೊಂಡಾದ ಮೇಲೆ ಈ ಮಾತು ಬರುತ್ತದೆ, ಆಗ ಹೆಣ್ಣುಮಕ್ಕಳು ಸಂಕೋಚಕ್ಕೆ ಹೂಂ ಅನ್ನುತ್ತಾರೆ. ನೀವು, ನಿಮ್ಮ ಹೆಂಡತಿ ನಡುವೆ, ಆ ಕಡೆ ಅವರ ತಂಗಿ, ಹೀಗೆ ಮೂವರು 3ರ ಟೆಂಟಿನಲ್ಲಿ ಇರಬಹುದು. ಗೆಳೆಯರು ಮೂವರು 4ರದರಲ್ಲಿ. ಭಾವನ ಜೊತೆ ಒಂದೇ ಟೆಂಟಿನಲ್ಲಿ ಮಲಗುವುದು ಬೇಡ ಅಂತ ಆ ತಂಗಿಗೆ ಅನ್ನಿಸಿದರೆ ಅದೂ ಸರಿಯೇ. ಆಗ ಅಕ್ಕ ತಂಗಿ ಇಬ್ಬರೇ 3ರದರಲ್ಲಿ, ಗಂಡಸರು ನಾಲ್ವರು 4ರದರಲ್ಲಿ. ಗಂಡಸರ ಬ್ಯಾಗುಗಳಲ್ಲಿ ಎರಡು ಅಕ್ಕ ತಂಗಿಯರ ಟೆಂಟಿಗೆ ಹೋಗಲಿ. 4 ಮತ್ತು 3ರ ಜೋಡಿಯಲ್ಲಿ ನನಗೆ ಇಷ್ಟವಾಗುವುದು ಇದೇ, ಅಲ್ಲಿ ಹೋದ ಮೇಲೂ ಬದಲಿಸಿಕೊಳ್ಳಬಹುದು. ಯಾರೋ ವಿಪರೀತ ಗೊರಕೆ ಹೊಡೆಯುತ್ತಾರೆ ಅಂತ ಮೊದಲ ರಾತ್ರಿ ಗೊತ್ತಾದರೆ ಎರಡನೇ ರಾತ್ರಿ ಅದಲು ಬದಲು ಮಾಡಲು ದಾರಿ ಇದೆ.

ಎತ್ತರದ ಗೆಳೆಯರು 4ರ ಟೆಂಟಿನಲ್ಲಿ ನಡುವೆ ಮಲಗಲಿ. ಗುಮ್ಮಟದ ಆಕಾರದ ಟೆಂಟಿನಲ್ಲಿ ನಡುವಿನ ಗೆರೆಯಲ್ಲಿ ಗೋಡೆ ಅಷ್ಟು ಬೇಗ ವಾಲುವುದಿಲ್ಲ. ಮೂವರೇ ಇದ್ದಾಗ ಅವರು ಸ್ವಲ್ಪ ಓರೆಯಾಗಿಯೂ ಮಲಗಬಹುದು, ಆಗ ಉದ್ದ ಇನ್ನಷ್ಟು ಸಿಗುತ್ತದೆ. ತಗೊಳ್ಳುವಾಗಲೇ ಒಳಗಿನ ಉದ್ದ 220ಕ್ಕೆ ಕಡಿಮೆ ಇಲ್ಲದ ಟೆಂಟ್ ನೋಡಿ. ಕಾಲಿನ ಕಡೆ ಕಿರಿದಾಗುವ ಟೆಂಟುಗಳೂ ಬರುತ್ತವೆ, ತೂಕ ಉಳಿಸಲು ಹಾಗೆ ಮಾಡುತ್ತಾರೆ. ಅಂಥದರಲ್ಲಿ ತಲೆಯ ಕಡೆಯ ಅಗಲವನ್ನು ಮಾತ್ರ ದೊಡ್ಡದಾಗಿ ಬರೆದಿರುತ್ತಾರೆ. ಎರಡೂ ತುದಿಯ ಅಳತೆ ಕೇಳಿ. ‘ಎಷ್ಟು ಜನರದ್ದು’ ಅನ್ನೋದನ್ನು ಆಮೇಲೆ ಕೇಳಿದರೂ ಆಯ್ತು.

ಬಾಗಿಲು ಎರಡಿರಲಿ, ಎದುರುಬದುರು. ರಾತ್ರಿ ಚಳಿಗೆ ಒಬ್ಬರಲ್ಲ ಒಬ್ಬರು ಹೊರಗೆ ಹೋಗುತ್ತಲೇ ಇರುತ್ತಾರೆ. ಒಂದೇ ಬಾಗಿಲಿದ್ದರೆ ಪ್ರತಿ ಸಲ ಯಾರದೋ ಹೊಟ್ಟೆ ದಾಟಿ ಹೋಗಬೇಕು. ಅದಕ್ಕೆ ಅಂಜಿ ಕೆಲವರು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಎತ್ತರದಲ್ಲಿ ಮೈ ಒಣಗಿದರೆ ತಲೆನೋವು ಶುರುವಾಗುತ್ತದೆ.

ಟೆಂಟಿನ ಹೊರ ಹೊದಿಕೆ ಬಾಗಿಲ ಮುಂದೆ ಚಾಚಿಕೊಂಡಿರುತ್ತದಲ್ಲ, ವೆಸ್ಟಿಬ್ಯೂಲ್ ಅನ್ನುತ್ತಾರೆ. ನಮ್ಮ ಮನೆಗಳ ಜಗಲಿ ಇದ್ದ ಹಾಗೆ. ಒಳಗೆ ತರಬಾರದ್ದನ್ನೆಲ್ಲ ಅಲ್ಲಿ ಇಡುವುದು. ಕೆಸರಿನ ಶೂ, ಒದ್ದೆ ರೇನ್‌ಕೋಟ್, ನಿಮ್ಮ 60 ಲೀಟರ್ ಬ್ಯಾಗು. ದೊಡ್ಡ ಜಗಲಿಯ 3ರ ಟೆಂಟ್, ಜಗಲಿಯೇ ಇಲ್ಲದ 4ರ ಟೆಂಟಿಗಿಂತ ವಾಸಿ ಅಂತ ಎಷ್ಟೋ ಸಲ ನನಗೆ ಅನ್ನಿಸಿದೆ. ಒಂದೊಂದು ಬಾಗಿಲ ಮುಂದೆ ಎರಡು ಬ್ಯಾಗು ನೆಟ್ಟಗೆ ನಿಲ್ಲುವಷ್ಟು ಜಾಗ ಬೇಕು. ಕಡಿಮೆ ಬೆಲೆಯ ಟೆಂಟುಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಫೋಟೋದಲ್ಲಿ ಟೆಂಟ್ ಉರುಟಾಗಿ, ಚೆಂದವಾಗಿ ಕಾಣಿಸುತ್ತದೆ, ಬಾಗಿಲು ತೆರೆದರೆ ನೇರ ಹಾಸಿಗೆ. ಮಳೆ ಬರುವಾಗ ಅಂಥ ಬಾಗಿಲನ್ನು ಒಂದು ಸಲ ತೆರೆದರೆ ಸಾಕು, ಮಲಗುವ ಜಾಗವೆಲ್ಲ ಒದ್ದೆ.

ಜಗಲಿ ಇದೆ ಅಂತ ಅಲ್ಲಿ ಸ್ಟೌ ಹಚ್ಚಿ, ಬಾಗಿಲು ಮುಚ್ಚಿ ಚಹಾ ಕಾಯಿಸಬೇಡಿ. ಟೆಂಟಿನೊಳಗಂತೂ ಬೇಡವೇ ಬೇಡ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತೂಕಡಿಕೆ ಬಂದಂತೆ ಅನ್ನಿಸಿ ಜನ ಮಲಗಿದವರು ಏಳುವುದೇ ಇಲ್ಲ. ಟೆಂಟಿನ ಬಟ್ಟೆಗೆ ಬೆಂಕಿ ಹತ್ತಿದರೆ ಜಿಪ್ ಹುಡುಕುವಷ್ಟೂ ಸಮಯ ಸಿಗುವುದಿಲ್ಲ. ಅಡುಗೆ ಹೊರಗೆ, ಬಂಡೆಯ ಮರೆಯಲ್ಲಿ.

ತೂಕದ ಲೆಕ್ಕ ನೋಡೋಣ. ಮಧ್ಯಮ ಬೆಲೆಯ ಟೆಂಟುಗಳಲ್ಲಿ 3ರದ್ದು ಮೂರು ಕೆ.ಜಿ. ಆಸುಪಾಸು, 4ರದ್ದು ನಾಲ್ಕರಿಂದ ಐದು ಕೆ.ಜಿ. ಇರುತ್ತದೆ. ಎರಡೂ ಸೇರಿ ಎಂಟು ಅಂದುಕೊಳ್ಳಿ. ಆರು ಜನ ಹಂಚಿಕೊಂಡರೆ ಒಬ್ಬರ ಪಾಲಿಗೆ ಒಂದೂಕಾಲು, ಒಂದೂವರೆ ಕೆ.ಜಿ. ಎರಡೆರಡರ ಮೂರು ಟೆಂಟಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಹಾಗಾಗಿ ತೂಕಕ್ಕೆ ಹೆದರಿ ಇಕ್ಕಟ್ಟು ಮಾಡಿಕೊಳ್ಳುವುದರಲ್ಲಿ ನಿಮಗೆ ಲಾಭ ಇಲ್ಲ. ಜಾಸ್ತಿ ದುಡ್ಡು ಕೊಟ್ಟರೆ ಇದಕ್ಕಿಂತ ಹಗುರದ್ದು ಸಿಗುತ್ತದೆ. ವರ್ಷಕ್ಕೆ ಒಂದು ಸಲ ಹೋಗುವವರು ಅದಕ್ಕೆ ಅಷ್ಟು ಸುರಿಯಬೇಕು ಅಂತ ನನಗೆ ಅನ್ನಿಸುವುದಿಲ್ಲ. ಆ ದುಡ್ಡಿನಲ್ಲಿ ಒಳ್ಳೆ ಮ್ಯಾಟ್ ತಗೊಳ್ಳಿ. ಬೆಚ್ಚಗಿಡುವುದು ಮ್ಯಾಟ್ ಮತ್ತು ಸ್ಲೀಪಿಂಗ್ ಬ್ಯಾಗು. ಟೆಂಟ್ ಗಾಳಿ, ಮಳೆ ತಡೆಯುತ್ತದೆ, ಚಳಿಯನ್ನು ಅಷ್ಟೇನೂ ತಡೆಯುವುದಿಲ್ಲ.

ಪೋಲ್ ಅಲ್ಯೂಮಿನಿಯಂದು ಇರಲಿ. ಫೈಬರ್‌ಗ್ಲಾಸ್ ಚಳಿಯಲ್ಲಿ ಸೀಳಿಕೊಳ್ಳುತ್ತದೆ. ಮುರಿದ ಪೋಲಿನ ಮೇಲೆ ತೊಡಿಸುವ ಪುಟ್ಟ ಕೊಳವೆ ಜೊತೆಯಲ್ಲಿ ಬಂದಿದೆಯಾ ನೋಡಿ, ಇಲ್ಲದಿದ್ದರೆ ಒಂದು ಗೇಣು ಕೊಳವೆ ಮತ್ತು ಗಟ್ಟಿ ಟೇಪ್ ಇಟ್ಟುಕೊಳ್ಳಿ. ಹೊರ ಹೊದಿಕೆ ಎಷ್ಟು ನೀರು ತಡೆಯುತ್ತದೆ ಅನ್ನೋದನ್ನು ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ, ಅದು 2,000 ಇದ್ದರೆ ಈ ದಾರಿಗೆ ಸಾಕು, ಹೊಲಿಗೆಗೆ ಒಳಗಿಂದ ಟೇಪ್ ಹಚ್ಚಿರಬೇಕು. ಒಂದೇ ಪದರದ ಟೆಂಟ್ ಎಷ್ಟೇ ಅಗ್ಗವಾದರೂ ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಕೊಳ್ಳಲೇಬೇಕು ಅಂತಲೂ ಇಲ್ಲ. ಬೆಂಗಳೂರಿನಲ್ಲೂ ಮನಾಲಿಯಲ್ಲೂ ಟೆಂಟ್ ಬಾಡಿಗೆಗೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಬಾಡಿಗೆಯನ್ನೇ ಹೇಳುತ್ತೇನೆ. ಆದರೆ ಮನಾಲಿಯಲ್ಲಿ ತಗೊಂಡು ಸುತ್ತಿದ ಹಾಗೆಯೇ ಚಾರಣ ಶುರುವಾಗುವ ಜೋಬ್ರಾಗೆ ಒಯ್ಯಬೇಡಿ. ಅಂಗಡಿಯ ಮುಂದೆಯೇ ಬಿಚ್ಚಿ, ನಿಲ್ಲಿಸಿ, ಗೂಟ ಎಣಿಸಿ, ಎಲ್ಲ ಜಿಪ್ಪುಗಳನ್ನೂ ಎಳೆದು ನೋಡಿ, ಅಳತೆಯ ಟೇಪ್ ಹಿಡಿದು ಅಗಲ ಉದ್ದ ನೋಡಿ. ಒಮ್ಮೆ ಹೀಗೆ ಬಾಡಿಗೆಗೆ ತಂದ ಟೆಂಟಿನಲ್ಲಿ ಹದಿನಾಲ್ಕು ಗೂಟದ ಬದಲು ಐದೇ ಇದ್ದವು. ಬಿಚ್ಚಿದ್ದು ಮೊದಲ ಬಿಡಾರದಲ್ಲಿ, ಕತ್ತಲಾದ ಮೇಲೆ. ಅವತ್ತು ಕಲ್ಲು ಹುಡುಕಿ ಹುಡುಕಿ ಹಗ್ಗ ಕಟ್ಟಿದೆವು. ಗೂಟಗಳು ಎಲ್ಲ ಇದ್ದರೂ ಬಾಲೂ ಕಾ ಘೇರಾದಲ್ಲಿ ಈ ಕಲ್ಲಿನ ಕೆಲಸ ಕಲಿತಿರಬೇಕು. ಬಾಲೂ ಅಂದರೆ ಮರಳು. ಮರಳಲ್ಲಿ ಗೂಟ ನಿಲ್ಲುವುದಿಲ್ಲ. ಹಗ್ಗವನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ ಇಟ್ಟು, ಅದರ ಮೇಲೆ ಇನ್ನೊಂದು ದೊಡ್ಡ ಕಲ್ಲು ಹೇರಿ.

ಕೊಂಡರೆ, ಹೊರಡುವ ಮೊದಲು ಒಂದು ರಾತ್ರಿ ತಾರಸಿ ಮೇಲೆ ಎರಡೂ ಟೆಂಟ್ ಹಾಕಿ ಆರೂ ಜನ ಮಲಗಿ. ಎಲ್ಲ ಸಾಮಾನು ಸಮೇತ. ಮೇಲಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಿ. ದಾವಣಗೆರೆಯ ಸೆಕೆಯಲ್ಲಿ ನಿದ್ದೆ ಬರಲಿಕ್ಕಿಲ್ಲ, ಆದರೆ ಯಾರ ಬ್ಯಾಗು ಎಲ್ಲಿ, ಯಾರು ಯಾವ ಬಾಗಿಲ ಕಡೆ ಅನ್ನೋದು ಮನೆಯಲ್ಲೇ ಗೊತ್ತಾಗುತ್ತದೆ.

ಇದೇ ಟೆಂಟುಗಳನ್ನು ಆಮೇಲೆ ನಮ್ಮ ಮಲೆನಾಡಿಗೂ ತರಬಹುದಾ ಅಂದರೆ ತರಬಹುದು. ಇಲ್ಲಿ ಚಳಿಗಿಂತ ಸೆಕೆ, ಇಂಬಳದ ಕಾಟ ಜಾಸ್ತಿ. ಒಳಪದರದಲ್ಲಿ ಬಲೆ ಹೆಚ್ಚಿದ್ದು, ಜಿಪ್ ನೆಲದವರೆಗೂ ಮುಚ್ಚಿಕೊಂಡರೆ ಸಾಕು. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಟೆಂಟ್ ಹಾಕುವಂತಿಲ್ಲ. ಹಿಮಾಲಯದಲ್ಲೂ ಎಲ್ಲ ಕಡೆ ಹಾಕಬಹುದು ಅಂದುಕೊಳ್ಳಬೇಡಿ. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ಉಳಿಯಬಾರದು ಅಂತ 2018ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ನಿಮ್ಮ ಚಾರಣ ಮುಗಿದ ಮೇಲೆ ಹೆಚ್ಚಿನವರು ಛತ್ರುವಿನಿಂದ ಚಂದ್ರತಾಲ್ ನೋಡಲು ಹೋಗುತ್ತಾರೆ. ಅಲ್ಲೂ ಕೆರೆಯ ದಂಡೆಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಬಿಡಾರಗಳೆಲ್ಲ ದೂರದಲ್ಲಿವೆ.

ಟೆಂಟನ್ನು ಹೊರುವುದು ಹೇಗೆ ಅಂತ ನೀವು ಕೇಳಿಲ್ಲ. ಆದರೆ ಎರಡು ಟೆಂಟ್ ಅಂದಮೇಲೆ ಇದನ್ನೂ ಹೇಳಬೇಕು. ಒಂದು ಟೆಂಟನ್ನು ಮೂರು ಪಾಲು ಮಾಡಿ: ಒಳ ಟೆಂಟ್ ಒಬ್ಬರಿಗೆ, ಹೊರ ಹೊದಿಕೆ ಒಬ್ಬರಿಗೆ, ಪೋಲು ಮತ್ತು ಗೂಟ ಒಬ್ಬರಿಗೆ. ಆದರೆ ಆ ಮೂವರೂ ಒಂದೇ ವೇಗದಲ್ಲಿ ನಡೆಯುವವರಾಗಿರಬೇಕು. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಬೇಡ. ನಿಮ್ಮ ಗುಂಪಿನಲ್ಲಿ ಬೇಗ ನಡೆಯುವ ಮೂವರು ಯಾರು ಅಂತ ಮೊದಲ ದಿನವೇ ಗೊತ್ತಾಗುತ್ತದೆ. 4ರ ಟೆಂಟ್ ಪೂರ್ತಿ ಅವರ ಬ್ಯಾಗುಗಳಲ್ಲಿ ಇರಲಿ. ಹೊರ ಹೊದಿಕೆಯನ್ನು ಬ್ಯಾಗಿನ ಮೇಲ್ಭಾಗದಲ್ಲಿ ಇಡಿ, ಅದು ಬೆಳಿಗ್ಗೆ ಒದ್ದೆಯಾಗಿಯೇ ಮಡಚಿರುತ್ತೀರಿ. ಪಾಸ್ ದಾಟುವ ದಿನ ಮಧ್ಯಾಹ್ನದ ಮೇಲೆ ಮಳೆಯೋ ಹಿಮವೋ ಶುರುವಾದರೆ, ಶಿಯಾ ಗೋರುವಿಗೆ ಮೊದಲು ಇಳಿದ ಮೂವರು ಹಿಂದಿನವರನ್ನು ಕಾಯದೆ ಟೆಂಟ್ ನಿಲ್ಲಿಸಬಹುದು. ಕೊನೆಯವರು ಬರುವ ಹೊತ್ತಿಗೆ ಆರು ಜನ ಕೂರಲು ಒಣ ಜಾಗ ತಯಾರಾಗಿರುತ್ತದೆ.